ಸುರಂಜನ್ ದಾಸ್

ಸುರಂಜನ್ ದಾಸ್ (22 ಫೆಬ್ರುವರಿ 1920 – 10 ಜನವರಿ 1970): ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್, ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಮುಖ್ಯ ಪರೀಕ್ಷಾ ಪೈಲಟ್. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್‌ನ ಮೊದಲ ಹಾರಾಟ (1961) ನಡೆಸಿದವರು ಇವರು. ಕಿರಣ್ ತರಬೇತಿ ಜೆಟ್‌ನ ಮೊದಲ ಹಾರಾಟವೂ (1964) ಇವರದೇ. ಮಾರುತ್‌ಗೆ ಹೆಚ್ಚು ಬಲ ತುಂಬಲು ಸಿದ್ಧಪಡಿಸಿದ ಹೊಸ ಮಾದರಿಯ ಪರೀಕ್ಷೆಯಲ್ಲಿ ಬೆಂಗಳೂರಿನಲ್ಲೇ ಪ್ರಾಣ ಕಳೆದುಕೊಂಡರು. ಅದೇ ವರ್ಷ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ನೀಡಿತು. ಹುಟ್ಟಿನಿಂದ ಬಂಗಾಳಿಯಾದರೂ ಇವರ ಬಾಳಿನ ಮುಖ್ಯ ಕೆಲಸವೆಲ್ಲ ನಡೆದದ್ದು ಕರ್ನಾಟಕದಲ್ಲಿ.

ಮನೆತನ, ತರಬೇತಿ

ತಂದೆ ಸುಧಿ ರಂಜನ್ ದಾಸ್ ಶಾಂತಿನಿಕೇತನದ ಶಾಲೆಯ ಆರಂಭದ ವಿದ್ಯಾರ್ಥಿಗಳಲ್ಲಿ ಒಬ್ಬರು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ (1956–59) ಹೆಸರು ಮಾಡಿದವರು. ದೇಶಬಂಧು ಚಿತ್ತರಂಜನ್ ದಾಸ್ ಇದೇ ಬಳಗದವರು. ವಕೀಲಿಕೆ, ನ್ಯಾಯಪೀಠಗಳ ನಂಟಿದ್ದ ಮನೆಯ ಮಗ ವಾಯುಪಡೆ ಸೇರಿ, ಅದರಲ್ಲೂ ಅತಿ ಅಪಾಯದ ಕವಲನ್ನು ಆರಿಸಿಕೊಂಡ.

1949ರಲ್ಲಿ ದಾಸ್ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ತರಬೇತಿ ಪಡೆದರು. 1943ರಲ್ಲಿ ಆರಂಭವಾದ ಈ ಶಾಲೆ ಪರೀಕ್ಷಾ ಪೈಲಟ್‌ಗಳಿಗೆಂದೇ ತೆರೆದ ಜಗತ್ತಿನ ಮೊದಲ ಶಾಲೆ. ಸ್ವಾತಂತ್ರ್ಯ ಬಂದು ಎರಡೇ ವರ್ಷ, ಸ್ವಂತ ವಿನ್ಯಾಸದ ಒಂದು ವಿಮಾನವೂ ಇನ್ನೂ ಹಾರಿರದ ಕಾಲದಲ್ಲಿ ವಾಯುಪಡೆ ತನ್ನ ಅಧಿಕಾರಿಯೊಬ್ಬರನ್ನು ಈ ವಿದ್ಯೆಗಾಗಿ ಕಳುಹಿಸಿತೆಂಬುದು ಸಣ್ಣ ಸಂಗತಿಯಲ್ಲ. ವಿಮಾನ ಕಟ್ಟುವ ಮೊದಲೇ ಅದನ್ನು ಪರೀಕ್ಷಿಸಬಲ್ಲವರು ಸಿದ್ಧರಿರಬೇಕೆಂಬ ದೂರದೃಷ್ಟಿ ಅದರಲ್ಲಿ ಕಾಣುತ್ತದೆ.

ಪರೀಕ್ಷಾ ಪೈಲಟ್ ಎಂದರೆ ಹುಂಬ ಧೈರ್ಯಗಾರ ಎಂಬ ಕಲ್ಪನೆ ಸಿನಿಮಾಗಳಿಂದ ಬಂದದ್ದು. ಆತನ ದಿನದ ಬಹುಪಾಲು ಮೇಜಿನ ಮುಂದೆ ಕಳೆಯುತ್ತದೆ. ಇಂದಿನ ಹಾರಾಟದಲ್ಲಿ ಯಾವ ಎತ್ತರಕ್ಕೆ ಹೋಗಬೇಕು, ಯಾವ ವೇಗದಲ್ಲಿ ನಿಯಂತ್ರಣದ ಕೋಲನ್ನು ಎಷ್ಟು ಎಳೆಯಬೇಕು, ಏನಾದರೆ ಅಲ್ಲಿಗೇ ನಿಲ್ಲಿಸಿ ವಾಪಸಾಗಬೇಕು ಎಂಬುದನ್ನೆಲ್ಲ ಎಂಜಿನಿಯರುಗಳ ಜೊತೆ ಕೂತು ಮೊದಲೇ ಗೊತ್ತುಮಾಡಿ ಒಂದು ಕಾರ್ಡಿನ ಮೇಲೆ ಬರೆಯುತ್ತಾರೆ. ಆ ಕಾರ್ಡನ್ನು ತೊಡೆಗೆ ಕಟ್ಟಿಕೊಂಡು ಪೈಲಟ್ ಹತ್ತುತ್ತಾನೆ. ಮೇಲೆ ಹೋದಾಗ ಒಂದೊಂದೇ ಸಾಲನ್ನು ಮುಗಿಸಿ, ಅಳತೆಯನ್ನು ಅಲ್ಲೇ ಪೆನ್ಸಿಲಿನಲ್ಲಿ ಗುರುತಿಸಿ, ಮುಂದಿನ ಸಾಲಿಗೆ ಹೋಗಬೇಕು. ಕಾರ್ಡಿನಲ್ಲಿ ಇಲ್ಲದ್ದನ್ನು ಮಾಡಬಾರದು. ಇಳಿದ ಮೇಲೆ ‘ವಿಮಾನ ಚೆನ್ನಾಗಿದೆ’ ಎಂದರೆ ಸಾಲದು. ಎಷ್ಟು ವೇಗದಲ್ಲಿ, ಯಾವ ಕಡೆ, ಎಷ್ಟು ವಾಲಿತು ಎಂದು ಹೇಳಬೇಕು. ಆ ಮಾತನ್ನು ನಂಬಿಯೇ ರೆಕ್ಕೆಯನ್ನೋ ಬಾಲವನ್ನೋ ತಿದ್ದುವುದು.

ರಾಕೆಟ್ ವಿಮಾನಗಳಿಂದ ಬಂದ ಪಾಠ

ದಾಸ್ ರಾಕೆಟ್ ವಿಮಾನ ಹಾರಿಸಿದವರಲ್ಲ. ಭಾರತದಲ್ಲಿ ಮನುಷ್ಯ ಕೂತು ಹಾರುವ ರಾಕೆಟ್ ವಿಮಾನ ತಯಾರಾಗಲೂ ಇಲ್ಲ. ಆದರೆ ಇವರು ಕಲಿತ ಕಾಲದಲ್ಲಿ ಶಬ್ದದ ವೇಗದ ಆಸುಪಾಸಿನಲ್ಲಿ ಏನಾಗುತ್ತದೆಂಬ ತಿಳಿವಳಿಕೆಯನ್ನು ತಂದುಕೊಟ್ಟವರಲ್ಲಿ ಆ ವಿಮಾನಗಳ ಪೈಲಟ್‌ಗಳ ಪಾಲು ದೊಡ್ಡದು. ಹಾಗಾಗಿ ಅವರ ವಿಚಾರ ಇಲ್ಲಿ ಬರಲೇಬೇಕು.

ಜೆಟ್ ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಂಡು ಇಂಧನ ಸುಡುತ್ತದೆ. ರಾಕೆಟ್ ಎಂಜಿನ್ ಸುಡಲು ಬೇಕಾದ ಆಮ್ಲಜನಕದ ಮೂಲವನ್ನೂ ತನ್ನ ಹೊಟ್ಟೆಯಲ್ಲೇ ಹೊತ್ತಿರುತ್ತದೆ. ಬಲ ಅಪಾರ, ಆಯಸ್ಸು ನಿಮಿಷಗಳ ಲೆಕ್ಕ. ಜರ್ಮನಿಯ ಮೆಸರ್ಶ್ಮಿಟ್ 163 ಕೋಮೆಟ್ ಎಂಜಿನ್ ಚಾಲನೆಯಲ್ಲಿ ಹಾರುತ್ತಿದ್ದದ್ದು ಏಳೆಂಟು ನಿಮಿಷ ಮಾತ್ರ. ಆಮೇಲೆ ಅದು ಬರೀ ಗ್ಲೈಡರ್. ನೆಲ ಬಿಟ್ಟೊಡನೆ ಚಕ್ರಗಳ ಗಾಡಿಯನ್ನು ಕೆಳಗೆ ಉದುರಿಸಿ ಮೇಲೇರುತ್ತಿತ್ತು. ಇಳಿಯುವಾಗ ಹೊಟ್ಟೆಯಡಿಯ ಜಾರುಪಟ್ಟಿಯ ಮೇಲೆ ಹುಲ್ಲುಗಾವಲಿನಲ್ಲಿ ಜಾರಿ ನಿಲ್ಲಬೇಕಿತ್ತು. ತಪ್ಪಿದರೆ ಮತ್ತೊಮ್ಮೆ ಮೇಲೇರಿ ಬರುವ ಮಾತೇ ಇಲ್ಲ. ಇಂಧನ, ಆಮ್ಲಜನಕದ ಮೂಲ ಇವೆರಡರ ಉಳಿದ ಹನಿಗಳು ಒಂದಕ್ಕೊಂದು ತಾಗಿದರೂ ಸ್ಫೋಟ. 1941ರ ಅಕ್ಟೋಬರ್ 2ರಂದು ಹೈನಿ ಡಿಟ್ಮಾರ್ ಇದರ ಆರಂಭದ ಮಾದರಿಯೊಂದರಲ್ಲಿ ಗಂಟೆಗೆ 1,000 ಕಿ.ಮೀ. ದಾಟಿದರು. ಆ ದಿನ ಇಂಧನ ಉಳಿಸಲೆಂದು ಇನ್ನೊಂದು ವಿಮಾನ ಅವರನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದಿತ್ತು. ಮರುವರ್ಷ ಹನ್ನಾ ರೈಚ್ ಹಾರಿದಾಗ ಚಕ್ರದ ಗಾಡಿ ಕಳಚಿಕೊಳ್ಳಲೇ ಇಲ್ಲ. ಅವರು ತೀವ್ರವಾಗಿ ಗಾಯಗೊಂಡರು.

ಸೋವಿಯತ್ ಒಕ್ಕೂಟದಲ್ಲಿ ಗ್ರಿಗೊರಿ ಬಖ್ಚಿವಾಂಜಿ 1942ರ ಮೇ 15ರಂದು ಬಿಐ-1 ರಾಕೆಟ್ ವಿಮಾನವನ್ನು ಮೊದಲು ಹಾರಿಸಿದರು. 1943ರ ಮಾರ್ಚ್ 27ರಂದು ಅತಿವೇಗದಲ್ಲಿದ್ದಾಗ ವಿಮಾನದ ಮೂತಿ ತಾನಾಗಿ ಕೆಳಕ್ಕೆ ಬಾಗಿ ನೆಲಕ್ಕೆ ಬಡಿಯಿತು. ಶಬ್ದವೇಗ ಸಮೀಪಿಸಿದಾಗ ರೆಕ್ಕೆಯ ಮೇಲಿನ ಒತ್ತಡದ ಹಂಚಿಕೆಯೇ ಬದಲಾಗಿ ಹೀಗಾಗುತ್ತದೆ ಎಂಬುದು ಆಮೇಲಿನ ಗಾಳಿಸುರಂಗದ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು. ಅಮೆರಿಕದ ಚಕ್ ಯೇಗರ್ 1947ರ ಅಕ್ಟೋಬರ್ 14ರಂದು ಬೆಲ್ ಎಕ್ಸ್-1ರಲ್ಲಿ ಶಬ್ದವೇಗವನ್ನು ದಾಟಿದರು. ಆ ಹಾರಾಟಗಳಲ್ಲಿ ಬಾಲದ ಪಟ್ಟಿ ಕೆಲಸ ಮಾಡದೆ ನಿಲ್ಲುವುದನ್ನು ಕಂಡು, ಬಾಲವನ್ನೇ ಇಡಿಯಾಗಿ ಅಲುಗಿಸುವ ಉಪಾಯವನ್ನು ಬಳಸಲಾಯಿತು. ಎಕ್ಸ್-2ರಲ್ಲಿ ಐವನ್ ಕಿಂಚೆಲೋ 1956ರ ಸೆಪ್ಟೆಂಬರ್ 7ರಂದು ಸುಮಾರು 1,26,000 ಅಡಿ ಎತ್ತರ ಮುಟ್ಟಿದರು. ಇಪ್ಪತ್ತು ದಿನಗಳ ನಂತರ ಅದೇ ವಿಮಾನದಲ್ಲಿ ಮೆಲ್ ಆಪ್ಟ್ ಶಬ್ದದ ಮೂರು ಪಟ್ಟು ವೇಗ ಮೀರಿದ ಮೊದಲ ಮನುಷ್ಯರಾಗಿ, ಆ ಹಾರಾಟದಲ್ಲೇ ಸತ್ತರು. ಕಿಂಚೆಲೋ 1958ರಲ್ಲಿ ಜೆಟ್ ಅಪಘಾತದಲ್ಲಿ ಹೋದರು.

ದಾಸ್ ಕಲಿತ ಫಾರ್ನ್‌ಬರೋದಲ್ಲೇ, ಯುದ್ಧಾನಂತರ ಕೋಮೆಟ್ ಹಾರಿಸಿದ್ದ ಬ್ರಿಟಿಷ್ ನೌಕಾ ಪೈಲಟ್ ಎರಿಕ್ ಬ್ರೌನ್ ಕೆಲಸ ಮಾಡುತ್ತಿದ್ದರು. ಎಂಜಿನ್ ಇಲ್ಲದೆ ಇಳಿಸುವುದು, ಹೊಸ ಆಕಾರದ ಗುಣವನ್ನು ಗ್ಲೈಡರ್ ರೂಪದಲ್ಲೇ ಮೊದಲು ಅರಿಯುವುದು, ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಆ ಪೀಳಿಗೆಯ ರೂಢಿ. ಹತ್ತು ವರ್ಷಗಳ ನಂತರ ಬೆಂಗಳೂರಿನಲ್ಲಿ ದಾಸ್ ಮಾಡಿದ್ದೂ ಅದನ್ನೇ.

ಬೆಂಗಳೂರು ಮತ್ತು ಮಾರುತ್

ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಇಂದಿನ ಎಚ್‌ಎಎಲ್) 1950ರ ದಶಕದ ನಡುವಿನ ಹೊತ್ತಿಗೆ ವಿ. ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನವನ್ನೂ ಪರವಾನಗಿಯ ಮೇಲೆ ವ್ಯಾಂಪೈರ್ ಜೆಟ್‌ಗಳನ್ನೂ ತಯಾರಿಸಿತ್ತು. ಅಲ್ಲಿಂದ ಒಂದೇ ನೆಗೆತಕ್ಕೆ ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನ ಬೇಕೆಂದು ವಾಯುಪಡೆ ಕೇಳಿತು. ಫಾಕ್-ವುಲ್ಫ್ 190ರ ಖ್ಯಾತಿಯ ಜರ್ಮನ್ ವಿನ್ಯಾಸಕ ಕುರ್ಟ್ ಟಾಂಕ್ 1956ರ ಆಗಸ್ಟಿನಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಟಾಂಕ್ ಸ್ವತಃ ಪೈಲಟ್. ಅದಕ್ಕೆ ಮುಂಚೆ ಅರ್ಜೆಂಟೀನಾದಲ್ಲಿ ಅವರು ಕಟ್ಟಿದ ಪುಲ್ಕಿ-2 ಜೆಟ್‌ನ ಪರೀಕ್ಷೆಗಳಲ್ಲಿ ಇಬ್ಬರು ಪೈಲಟ್‌ಗಳು ಸತ್ತಿದ್ದರು.

ಲೋಹದ ವಿಮಾನಕ್ಕೆ ಕೈಹಾಕುವ ಮೊದಲು ಅದೇ ಅಳತೆ, ಅದೇ ಆಕಾರದ ಪೂರ್ಣಗಾತ್ರದ ಮರದ ಗ್ಲೈಡರನ್ನು ಕಟ್ಟಿದರು; ಎಕ್ಸ್-241 ಎಂದು ಹೆಸರಿಟ್ಟರು. ಇಬ್ಬರು ಕೂರಬಹುದಾದ ಅದರಲ್ಲಿ ಎಂಜಿನ್ ಒಂದನ್ನು ಬಿಟ್ಟು ಮಿಕ್ಕ ಮುಖ್ಯ ವ್ಯವಸ್ಥೆಗಳಿದ್ದವು: ಹೈಡ್ರಾಲಿಕ್ ಒತ್ತಡದಿಂದ ಇಳಿಯುವ ಚಕ್ರಗಳು, ಫ್ಲಾಪ್‌ಗಳು, ಗಾಳಿತಡೆಗಳು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗದಲ್ಲಿ ಎಳೆದುಕೊಂಡು ಬೆಂಗಳೂರಿನ ಮೇಲೇರತೊಡಗಿತು.

ಇದೆಷ್ಟು ಸೂಕ್ಷ್ಮದ ಕೆಲಸವೆಂಬುದನ್ನು ಗಮನಿಸಬೇಕು. ಸಾಮಾನ್ಯ ಗ್ಲೈಡರಿನ ರೆಕ್ಕೆ ಉದ್ದ, ಕಿರಿದು. ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಮಾರುತ್‌ನ ರೆಕ್ಕೆ ಹಿಂದಕ್ಕೆ ಬಾಗಿದ್ದು, ಒಂಬತ್ತೇ ಮೀಟರ್ ಅಗಲದ ಹರವು. ಹುಟ್ಟಿದ್ದು ವೇಗಕ್ಕೆ, ತೇಲಲಿಕ್ಕಲ್ಲ. ಹಗ್ಗ ಬಿಟ್ಟ ಕ್ಷಣದಿಂದ ಅದು ಕಡಿದಾಗಿ ಇಳಿಯುತ್ತದೆ. ಅಷ್ಟರಲ್ಲಿ ಪೈಲಟ್ ಕಾರ್ಡಿನ ಪರೀಕ್ಷೆಗಳನ್ನು ಮುಗಿಸಬೇಕು: ನಿಧಾನವಾದಾಗ ಮೂತಿ ಎತ್ತ ಬೀಳುತ್ತದೆ, ಒಂದು ರೆಕ್ಕೆ ಮೊದಲು ಸೋಲುತ್ತದೆಯೇ, ಚಕ್ರ ಇಳಿಸಿದಾಗ ಸಮತೋಲ ಎಷ್ಟು ತಪ್ಪುತ್ತದೆ. ನಂತರ ಎತ್ತರ, ದೂರ, ವೇಗ ಮೂರನ್ನೂ ಲೆಕ್ಕಹಾಕಿ ರನ್‌ವೇ ತುದಿಗೆ ಸರಿಯಾಗಿ ತಂದಿಡಬೇಕು. ಎಂಜಿನ್ ಇಲ್ಲವಾದ್ದರಿಂದ ಎರಡನೇ ಅವಕಾಶವಿಲ್ಲ. ಎಂಬತ್ತರಷ್ಟು ಹಾರಾಟಗಳನ್ನು ಹೀಗೆ ನಡೆಸಲಾಯಿತು. ಕೊನೆಗೆ ಮೂತಿಯ ಚಕ್ರ ಕೆಳಗಿಳಿಯದೆ ಇಳಿಯುವಾಗ ಗ್ಲೈಡರ್ ಜಖಂಗೊಂಡಿತು. ಅಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿತ್ತು. ಮಾರುತ್ ಕಥೆಯಲ್ಲಿ ಈ ಮರದ ಗ್ಲೈಡರ್ ಪಡೆಯಬೇಕಾದ ಜಾಗ ಪಡೆದಿಲ್ಲ. ಮೊದಲ ಲೋಹದ ವಿಮಾನ ಹಾರುವ ಹೊತ್ತಿಗೆ ಅದರ ನಿಧಾನಗತಿಯ ಸ್ವಭಾವ ಎಚ್‌ಎಎಲ್‌ಗೆ ತಿಳಿದಿದ್ದದ್ದು ಇದರಿಂದಲೇ.

1961ರ ಜೂನ್ 17ರಂದು ವಿಂಗ್ ಕಮಾಂಡರ್ ಆಗಿದ್ದ ದಾಸ್ ಮೊದಲ ಮಾದರಿ ವಿಮಾನವನ್ನು ಎಚ್‌ಎಎಲ್ ರನ್‌ವೇಯಿಂದ ಮೇಲೇರಿಸಿದರು. ವಾರದ ನಂತರ, ಜೂನ್ 24ರಂದು, ರಕ್ಷಣಾ ಸಚಿವ ವಿ. ಕೆ. ಕೃಷ್ಣ ಮೆನನ್ ಎದುರು ಅದರ ಅಧಿಕೃತ ಪ್ರದರ್ಶನ ನಡೆಯಿತು. ಸೋವಿಯತ್ ಒಕ್ಕೂಟವನ್ನು ಹೊರತುಪಡಿಸಿದರೆ, ಪ್ರಯೋಗದ ಹಂತ ದಾಟಿ ಸೇನೆಯ ಬಳಕೆಗೆ ಬಂದ ಏಷ್ಯಾದ ಮೊದಲ ಸ್ವಂತ ಜೆಟ್ ಯುದ್ಧವಿಮಾನ ಇದು. 15.87 ಮೀಟರ್ ಉದ್ದ, ಎರಡು ಎಂಜಿನ್, 30 ಮಿ.ಮೀ.ನ ನಾಲ್ಕು ಫಿರಂಗಿ. ಕಡಿಮೆ ಎತ್ತರದಲ್ಲಿ ವೇಗವಾಗಿ ಹೋಗುವಾಗ ಅದರ ಸ್ಥಿರತೆಯನ್ನು ಹಾರಿಸಿದವರೆಲ್ಲ ಮೆಚ್ಚಿದರು.

ಕೊರತೆ ಇದ್ದದ್ದು ಎಂಜಿನ್‌ನಲ್ಲಿ. ಬ್ರಿಸ್ಟಲ್ ಸಿಡ್ಲಿ ಕಂಪನಿಯ ಆರ್ಫಿಯಸ್ 12 ಎಂಬ, ರೀಹೀಟ್ (ಹೊರಬರುವ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ) ಇರುವ ಎಂಜಿನ್ ಬರುತ್ತದೆಂದು ನಂಬಿ ಟಾಂಕ್ ವಿನ್ಯಾಸ ಮಾಡಿದ್ದರು. ಬ್ರಿಟಿಷ್ ಸರ್ಕಾರ ಅದರ ಅಭಿವೃದ್ಧಿಯ ಖರ್ಚಿನಿಂದ ಹಿಂದೆ ಸರಿಯಿತು. ಆ ಹಣ ಭರಿಸಲು ಭಾರತವೂ ಮುಂದಾಗಲಿಲ್ಲ. ಕೊನೆಗೆ ಹಾಕಿದ್ದು ನಾಟ್ ಯುದ್ಧವಿಮಾನದ ಎಂಜಿನ್ ಬಳಗದ ಆರ್ಫಿಯಸ್ 703: ಒಂದೊಂದರ ನೂಕುಬಲ ಸುಮಾರು 2,200 ಕಿಲೋ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಟ್ಟಿದ ದೇಹ ಸಮತಟ್ಟಾದ ಹಾರಾಟದಲ್ಲಿ ಶಬ್ದವೇಗದ ಅಂಚಿನಲ್ಲೇ ಉಳಿಯಿತು. ಸೋವಿಯತ್ ಎಂಜಿನ್‌ಗಳ ಮಾತುಕತೆ ನಡೆಯಿತು. ಈಜಿಪ್ಟಿನ ಹೆಲ್ವಾನ್‌ನಲ್ಲಿ ಫರ್ಡಿನಾಂಡ್ ಬ್ರಾಂಡ್ನರ್ ರೂಪಿಸುತ್ತಿದ್ದ ಇ-300 ಎಂಜಿನ್‌ಗಾಗಿ ಮಾರುತ್ ಒಂದನ್ನು ಅಲ್ಲಿಗೇ ಕಳುಹಿಸಲಾಯಿತು. ಒಂದು ಕಡೆ ಇ-300, ಇನ್ನೊಂದು ಕಡೆ ಆರ್ಫಿಯಸ್ ಹೊತ್ತು ಅದು 1967ರಲ್ಲಿ ಹಾರಿತು. ಈಜಿಪ್ಟಿನ ಎಚ್‌ಎ-300 ವಿಮಾನದ ಮೊದಲ ಹಾರಾಟವನ್ನು 1964ರ ಮಾರ್ಚ್ 7ರಂದು ನಡೆಸಿದವರೂ ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಆ ದಾರಿಯೂ ಮುಂದೆ ಮುಚ್ಚಿತು.

ಕಿರಣ್

ಮಾರುತ್ ಪರೀಕ್ಷೆಗಳ ನಡುವೆಯೇ 1964ರ ಸೆಪ್ಟೆಂಬರ್ 4ರಂದು ದಾಸ್ ಎಚ್‌ಜೆಟಿ-16 ಕಿರಣ್ ವಿಮಾನವನ್ನು ಮೊದಲ ಬಾರಿ ಹಾರಿಸಿದರು. ಇದು ಘಾಟಗೆ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ತರಬೇತಿ ಜೆಟ್. ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಾರೆ. ಹೆಸರಿನ ಅಬ್ಬರ ಮಾರುತ್‌ಗೆ, ಬಾಳಿಕೆ ಕಿರಣ್‌ಗೆ. ವಾಯುಪಡೆಯ ಪೈಲಟ್‌ಗಳ ಹಲವು ಪೀಳಿಗೆಗಳು ಜೆಟ್ ಹಾರಿಸಲು ಕಲಿತದ್ದು ಇದರಲ್ಲಿ. 1996ರಲ್ಲಿ ಬೀದರಿನಲ್ಲಿ ರೂಪುಗೊಂಡ ವಾಯುಪಡೆಯ ವೈಮಾನಿಕ ಕಸರತ್ತು ತಂಡ ಸೂರ್ಯಕಿರಣ 2011ರವರೆಗೆ ಕಿರಣ್‌ನ ಎರಡನೇ ಮಾದರಿಯಲ್ಲೇ ಒಂಬತ್ತು ವಿಮಾನಗಳ ಪ್ರದರ್ಶನ ನೀಡಿತು. ಕಲ್ಯಾಣ ಕರ್ನಾಟಕದವರು ಸೂರ್ಯಕಿರಣದ ಹೆಸರು ಬಲ್ಲರು. ಆ ತಂಡ ಹಾರಿಸಿದ ಕಿರಣ್ ಹಾರಲು ಯೋಗ್ಯವೆಂದು ಮೊದಲು ತೋರಿಸಿದವರ ಹೆಸರೂ ಜೊತೆಗೆ ತಿಳಿದಿರಬೇಕು.

ಕೊನೆಯ ಪರೀಕ್ಷೆ

ಬೇರೆ ಎಂಜಿನ್ ಸಿಗದಿದ್ದಾಗ ಇದ್ದ ಆರ್ಫಿಯಸ್‌ಗೇ ರೀಹೀಟ್ ಕೂಡಿಸುವ ಕೆಲಸವನ್ನು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಕೈಗೆತ್ತಿಕೊಂಡಿತು. ಎಂಜಿನ್ನಿಂದ ಹೊರಬರುವ ಬಿಸಿ ಅನಿಲಕ್ಕೆ ಇನ್ನಷ್ಟು ಇಂಧನ ಚಿಮುಕಿಸಿ ಮತ್ತೊಮ್ಮೆ ಉರಿಸಿ ನೂಕುಬಲ ಹೆಚ್ಚಿಸುವ ವಿಧಾನ ಇದು. ಆದರೆ ಅದಕ್ಕೆ ವಿಮಾನದ ಹಿಂಭಾಗವನ್ನು ಅಗಲಿಸಬೇಕಾಯಿತು. ಅಗಲಿಸಿದಷ್ಟೂ ಗಾಳಿಯ ಎಳೆತ ಹೆಚ್ಚಿ, ಗಳಿಸಿದ ಬಲದ ದೊಡ್ಡ ಪಾಲನ್ನು ಅದೇ ನುಂಗಿತು.

ಈ ಮಾದರಿಗೆ ಎಚ್‌ಎಫ್-24 ಮಾರ್ಕ್ 1ಆರ್ ಎಂದು ಹೆಸರು. 1970ರ ಜನವರಿ 10ರಂದು ದಾಸ್ ಅದನ್ನು ಪರೀಕ್ಷೆಗೆ ಕೊಂಡೊಯ್ದರು. ನೆಲ ಬಿಟ್ಟ ಸ್ವಲ್ಪದರಲ್ಲೇ ವಿಮಾನ ಬಿದ್ದಿತು, ದಾಸ್ ಉಳಿಯಲಿಲ್ಲ. ಆಗ ಅವರಿಗೆ ಐವತ್ತು ತುಂಬಲು ಆರು ವಾರ ಬಾಕಿ ಇತ್ತು. ಗ್ರೂಪ್ ಕ್ಯಾಪ್ಟನ್ ದರ್ಜೆಯ, ಆ ವಯಸ್ಸಿನ ಅಧಿಕಾರಿ ಕಚೇರಿಯಲ್ಲಿ ಕೂತು ಕಿರಿಯರನ್ನು ಕಳುಹಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ವಿಮಾನವನ್ನು ಅದರ ಮರದ ರೂಪದಿಂದ ಬಲ್ಲ ತಾನೇ ಹೊಸ ಬದಲಾವಣೆಯ ಅಪಾಯವನ್ನೂ ಹೊರಬೇಕೆಂಬುದು ಅವರ ನಡತೆಯಲ್ಲಿ ಕಾಣುವ ನಿಲುವು.

ಸಿಗಬೇಕಾದ ಎಂಜಿನ್ ಸಕಾಲಕ್ಕೆ ಸಿಕ್ಕಿದ್ದರೆ ಈ ಮಾದರಿ ಹುಟ್ಟುತ್ತಲೇ ಇರಲಿಲ್ಲ. ಹಣಕಾಸಿನ ಕಡತದಲ್ಲಿ ಉಳಿತಾಯವೆಂದು ಕಂಡದ್ದರ ಬೆಲೆಯನ್ನು ಹತ್ತು ವರ್ಷ ಕಾಲ ವಿನ್ಯಾಸಕರೂ ಪೈಲಟ್‌ಗಳೂ ತೆತ್ತರು. ಮಾರುತ್‌ನ ವೈಫಲ್ಯವೆಂದು ಬರೆಯಲಾಗುವುದರ ಬಹುಪಾಲು ಎಂಜಿನ್ ಆಯ್ಕೆಯ ವೈಫಲ್ಯ. ದಾಸ್ ಹಾರಿಸಿ ತಿದ್ದಿಸಿದ ದೇಹದ ಮೇಲೆ ಆ ದೋಷ ಹೊರಿಸುವುದು ನ್ಯಾಯವಲ್ಲ.

ಅದಕ್ಕೆ ಸಾಕ್ಷಿ ಮರುವರ್ಷವೇ ಸಿಕ್ಕಿತು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತ್‌ಗಳು ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. ಗುಂಡೇಟಿಗೆ ಒಂದು ಎಂಜಿನ್ ಹೋದರೂ ಇನ್ನೊಂದರ ಮೇಲೆ ನೆಲೆಗೆ ಮರಳಿದ ಪ್ರಸಂಗಗಳುಂಟು. ಆಕಾಶಯುದ್ಧದಲ್ಲಿ ಒಂದು ಮಾರುತ್ ಕೂಡ ನಾಶವಾಗಲಿಲ್ಲ. ಬದಲಿಗೆ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ಒಂದನ್ನು ಹೊಡೆದುರುಳಿಸಿದರು. ಒಟ್ಟು 147 ಮಾರುತ್‌ಗಳು ತಯಾರಾದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತವಾದವು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್ ಎರಡನ್ನೂ ನೋಡಬಹುದು. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣದ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಗೆ ಇವರದೇ ಹೆಸರು. ದಿನವೂ ಸಾವಿರಾರು ಜನ ಆ ಹೆಸರು ಹೇಳಿ ಆಟೋ ಹತ್ತುತ್ತಾರೆ. ದಾಸ್ ಯಾರೆಂದು ತಿಳಿಸುವ ಪಾಠ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು.

ನಂತರದ ಪರಂಪರೆ

ದಾಸ್ ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಯಿತು. 1970ರ ದಶಕದಲ್ಲಿ ವಾಯುಪಡೆಯ ಪರೀಕ್ಷಾ ಸಂಸ್ಥೆ ‘ಆಸ್ಟೆ’ ಬೆಂಗಳೂರಿನಲ್ಲಿ ನೆಲೆಗೊಂಡು, ಅದರಡಿ ಪರೀಕ್ಷಾ ಪೈಲಟ್‌ಗಳ ಶಾಲೆ ತೆರೆದ ಮೇಲೆ ಆ ವಿದ್ಯೆ ಇಲ್ಲಿಯೇ ದೊರೆಯಿತು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ತೇಜಸ್‌ನ ಮೊದಲ ಮಾದರಿಯನ್ನು ಹಾರಿಸಿದ್ದು ಅದೇ ಎಚ್‌ಎಎಲ್ ರನ್‌ವೇಯಿಂದ. ಸಾವುಗಳೂ ನಿಲ್ಲಲಿಲ್ಲ. 2009ರ ಮಾರ್ಚ್ 6ರಂದು ಸರಸ್ ವಿಮಾನದ ಎಂಜಿನ್ನನ್ನು ಗಾಳಿಯಲ್ಲಿ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ ಬಿಡದಿ ಬಳಿ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. 2019ರ ಫೆಬ್ರುವರಿ 1ರಂದು ಮಿರಾಜ್ 2000 ಪರೀಕ್ಷೆಯಲ್ಲಿ ಎಚ್‌ಎಎಲ್ ನಿಲ್ದಾಣದಲ್ಲೇ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಬಲಿಯಾದರು.

ರಾಕೆಟ್ ವಿಮಾನವನ್ನು ಹೋಲುವ ವಾಹನವೂ ಕರ್ನಾಟಕಕ್ಕೆ ಬಂದಿದೆ, ಪೈಲಟ್ ಇಲ್ಲದೆ. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನದ ಮೊದಲ ಮಾದರಿ 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ ಮೇಲೆ ಕೂತು 65 ಕಿ.ಮೀ. ಎತ್ತರ ಮುಟ್ಟಿತು. ಇಳಿಯುವ ಪರೀಕ್ಷೆಗಳು ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಮೀಪದ ಪರೀಕ್ಷಾ ವಲಯದಲ್ಲಿ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಇಂಥದೇ ಇನ್ನೊಂದು ಮಾದರಿಯನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಎಂಜಿನ್ ಇಲ್ಲದ ಆ ವಾಹನ ಗಣಕದ ಲೆಕ್ಕಾಚಾರದ ಮೇಲೆ ತಾನೇ ತೇಲಿ ಬಂದು ರನ್‌ವೇಯಲ್ಲಿ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಹೆಚ್ಚು ಕಠಿಣ ಸ್ಥಿತಿಗಳಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಲಾಯಿತು. ಎಕ್ಸ್-241ರಲ್ಲಿ ಕಾರ್ಡು, ಪೆನ್ಸಿಲು ಹಿಡಿದು ಮಾಡಿದ ಕೆಲಸವನ್ನು ಇಲ್ಲಿ ಸಂವೇದಕಗಳು ಮಾಡಿದವು.

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಮಾತು ಬಂದಾಗ ಆಯ್ಕೆ ಈ ಕಸುಬಿನವರ ಕಡೆಗೇ ಹೊರಳಿತು. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹೋದ ರಾಕೇಶ್ ಶರ್ಮಾ ಪರೀಕ್ಷಾ ಪೈಲಟ್. ಮುಂದೆ ಎಚ್‌ಎಎಲ್‌ನಲ್ಲೂ ಅದೇ ಕೆಲಸ ಮಾಡಿದರು. ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ಇವರಲ್ಲಿ ಶುಕ್ಲಾ 2025ರ ಜೂನ್ 25ರಂದು ಹೊರಟು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಮೊದಲ ಭಾರತೀಯರಾದರು.